ತಿರುವಿನ ಸೀಟಿ

ಜೀವಮಾನವಿಡೀ ಹಲ್ಲಿನ ಸೆಟ್ಟು ಮಾಡಿ ಕಣ್ಣು ಸವೆಸಿದ ಮನುಷ್ಯ ನಿವೃತ್ತನಾದ ಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ಉಗಿ ಎಂಜಿನ್ ಕಟ್ಟಲು ಕುಳಿತಾಗ, ಅವನ ಹೆಂಡತಿಗೆ ಅದೇನೂ ದೊಡ್ಡ ಬದಲಾವಣೆ ಅನ್ನಿಸಲಿಲ್ಲ. ಅದೇ ಸಣ್ಣ ಅರ, ಅದೇ ಭೂತಗನ್ನಡಿ, ಊಟಕ್ಕೆ ಕರೆದರೆ ಅದೇ "ಬಂದೆ, ಬಂದೆ." ಹಿತ್ತಾಳೆಯ ಚೂರು ಮಲಗುವ ಕೋಣೆಗೂ ಬಂದು ಕಾಲಿಗೆ ಚುಚ್ಚಿದ ದಿನ ಮಾತ್ರ, "ಊರಿನವರ ಬಾಯಿಗೆ ಹಲ್ಲು ಕಟ್ಟಿದ್ದು ಸಾಲ್ದೆ ನನ್ನ ಅಂಗಾಲಿಗೂ ಕಟ್ತಿದ್ದೀರಾ?" ಎಂದಳು.

ಏಳು ವರ್ಷ ಹಿಡಿಯಿತು. ಎಂಜಿನ್ನಿನ ಎತ್ತರ ಮೊಣಕಾಲಿನವರೆಗೆ, ಅಷ್ಟೆ. ಆದರೆ ಬಾಯ್ಲರು ಅಪ್ಪಟ ತಾಮ್ರದ್ದು, ಒಳಗೆ ಉರಿಯುವುದು ನಿಜವಾದ ಕಲ್ಲಿದ್ದಲು. ಹಿಂದೆ ಒಂದು ತಗ್ಗಿನ ಗಾಡಿ ಸಿಕ್ಕಿಸಿದರೆ ಮೂರು ಜನರನ್ನು ಕೂರಿಸಿಕೊಂಡು ಎಳೆಯುತ್ತಿತ್ತು. ಅವನನ್ನು ಹೆಚ್ಚು ಗೋಳು ಹೊಯ್ದುಕೊಂಡದ್ದು ಸೀಟಿ. ಚಿಕ್ಕ ಕೊಳವೆಯ ಸೀಟಿ ಇಲಿಮರಿಯಂತೆ ಕೀರಲಾಗಿ ಕೂಗುತ್ತದೆ. ಅವನಿಗೆ ಬೇಕಾಗಿದ್ದದ್ದು ಚಿಕ್ಕಂದಿನಲ್ಲಿ ಮನೆಯ ಹಿಂದಿನ ತಿರುವಿನಲ್ಲಿ ಕೇಳುತ್ತಿದ್ದ ದಪ್ಪ ದನಿ. ಕೊಳವೆಯ ಮೇಲೆ ಕೊಳವೆ ಹಾಳು ಮಾಡಿ, ಕೊನೆಗೆ ಉದ್ದನೆಯದೊಂದನ್ನು ಎಂಜಿನ್ನಿನ ಹೊಟ್ಟೆಯಡಿ ಬಚ್ಚಿಟ್ಟ ಮೇಲೆ ಅದು ಸಿಕ್ಕಿತು.

ಇಂಥ ಎಂಜಿನ್ ಕಟ್ಟುವ ಹವ್ಯಾಸಿಗಳ ಕ್ಲಬ್ಬಿನವರು ಶಾಲೆಯ ಮೈದಾನದಲ್ಲಿ ಹಳಿ ಹಾಸಿ ಪ್ರದರ್ಶನ ಇಟ್ಟಾಗ ಅವನು ಬೇರೆ ಊರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದ. "ಬಾರಕ್ಕ. ನಮ್ಮ ಹಿತ್ತಿಲಾಚೆಯ ಎಂಜಿನ್ನು ಅದು." ಮಂಡಿ ನೋವೆಂದು ಗೊಣಗುತ್ತಲೇ ಅಕ್ಕ ಬಂದಳು.

ಬಂದವಳು ಎಂಜಿನ್ನಿನ ಸುತ್ತ ಒಂದು ಸುತ್ತು ಹಾಕಿ, "ಇಷ್ಟು ಚೊಕ್ಕಟವಾಗಿ ಇರ್ಲಿಲ್ಲ ಕಣೋ ಅದು. ಮುಟ್ಟಿದ್ರೆ ಮಸಿ ಬಳ್ಕೊಳ್ತಿತ್ತು" ಎಂದಳು.

"ನೀನ್ಯಾವಾಗ ಮುಟ್ಟಿದ್ದೆ?"

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ನಿವೃತ್ತ ರಸಾಯನಶಾಸ್ತ್ರದ ಅಧ್ಯಾಪಕರು, ಮೈಕು ಹಿಡಿದರು. "ಈ ಎಂಜಿನ್ನಿಗೊಂದು ಕತೆ ಇದೆ. ಹಲ್ಲಿನವರ ಬಾಯಲ್ಲೇ ಕೇಳಿ."

ಅವನು ನೂರು ಸಲ ಹೇಳಿದ್ದ ಕತೆ. ಮರದ ಕಾರ್ಖಾನೆಯ ಪುಟ್ಟ ಎಂಜಿನ್ನು ದಿನವೂ ಸಂಜೆ ಅವರ ಹಿತ್ತಿಲಾಚೆ ಹಾದು ಹೋಗುತ್ತಿತ್ತು. ಅವನು ಓಡಿಹೋಗಿ ಗೋಡೆ ಹತ್ತಿ ಕೈ ಬೀಸುತ್ತಿದ್ದ. ತಿರುವಿಗೆ ಬರುತ್ತಲೇ ಡ್ರೈವರು ಎರಡು ಸಲ ಸೀಟಿ ಹೊಡೆಯುತ್ತಿದ್ದರು, ಅವನೊಬ್ಬನಿಗಾಗಿ. ಅಪ್ಪನ ಕೈಲಿ ಏಟು ತಿಂದ ದಿನವೂ ಆ ಎರಡು ಸೀಟಿ ತಪ್ಪುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡ. ಹತ್ತಿರ ಹೋಗಿ ನೋಡಿದರೆ ನಗು ತಡೆಯಲಾಗದೆ ಅವಳ ಹೆಗಲು ಕುಣಿಯುತ್ತಿತ್ತು.

ಉಗಿಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಅಕ್ಕನನ್ನು ಗಾಡಿಯ ಮೇಲೆ ತನ್ನ ಬೆನ್ನ ಹಿಂದೆ ಅಡ್ಡಕ್ಕೆ ಕೂರಿಸಿಕೊಂಡು ಅವನು ಹೊರಟ. ಮೈದಾನದ ಆಚೆ ತುದಿಯಲ್ಲಿ, ಜನರ ಗದ್ದಲ ದೂರವಾದ ಕಡೆ, ಅಕ್ಕ ಅವನ ಕಿವಿಯ ಬಳಿ ಬಾಗಿದಳು.

"ಅದು ನಿನಗಲ್ವೋ, ಪೆದ್ದಪ್ಪ. ನನಗೆ."

"ಏನು?"

"ಸೀಟಿ. ಅದರ ದಾರ ಎಳೀತಿದ್ದಿದ್ದು ಡ್ರೈವರಲ್ಲ. ಕಲ್ಲಿದ್ದಲು ಹಾಕ್ತಿದ್ದ ಹುಡುಗ."

ಅವನು ಎಂಜಿನ್ ನಿಲ್ಲಿಸಿಬಿಟ್ಟ. ಉಗಿ ಸುಮ್ಮನೆ ಬುಸುಗುಡುತ್ತಿತ್ತು. ಆ ಹಿತ್ತಿಲು ಅವನ ಕಣ್ಣ ಮುಂದೆ ಬಂತು. ಗೋಡೆಯ ಮೇಲೆ ತಾನು, ಮತ್ತೆ ತನ್ನ ಹಿಂದೆ, ತಾನು ಒಮ್ಮೆಯೂ ತಿರುಗಿ ನೋಡದ ಕಡೆ, ಬಟ್ಟೆ ಒಣಹಾಕುವ ಹಗ್ಗ. ಸಂಜೆಯಾದರೆ ಅಕ್ಕ ಅಲ್ಲೇ. ಇನ್ನೂ ಒಣಗದ ಬಟ್ಟೆ ಯಾಕೆ ತೆಗೆದು ತಂದೆ ಎಂದು ಅಮ್ಮ ಬೈಯುತ್ತಿದ್ದದ್ದು, ಅಕ್ಕ ತಲೆ ತಗ್ಗಿಸಿ ಅದನ್ನು ಮತ್ತೆ ಹರವುತ್ತಿದ್ದದ್ದು, ಎಲ್ಲ ನೆನಪಿತ್ತು. ಅರ್ಥ ಮಾತ್ರ ಈಗ ಆಗುತ್ತಿತ್ತು. ಯಾರೋ ತನ್ನ ಜೇಬಿಗೆ ಕೈ ಹಾಕಿದಂತೆ ಅವನಿಗೆ ಸಿಟ್ಟು ಬಂತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷೀಲಿ ಕೈ ಬೀಸ್ತಿದ್ದೆ. ಹೇಗೆ ಹೇಳೋದು?"

"ಭಾವನಿಗೆ ಗೊತ್ತಿತ್ತಾ?"

"ಮದುವೆಯಾದ ವಾರದಲ್ಲೇ ಹೇಳಿದ್ದೆ. ಅವರಿಗೆ ತಮಾಷೆ. ಸಾಯೋವರೆಗೂ ಎಲ್ಲಿ ರೈಲು ಕೂಗಿದ್ರೂ, 'ನಿನ್ನನ್ನೇ ಕರೀತಿದೆ ನೋಡು' ಅಂತಿದ್ರು."

ಸುತ್ತು ಮುಗಿಸಿ ಬಂದಾಗ ಹೊಸ ಜನ ಸೇರಿದ್ದರು. ಮೇಷ್ಟ್ರು ಮತ್ತೆ ಮೈಕು ಚಾಚಿದರು. ಅವನು ಅಕ್ಕನ ಮುಖ ನೋಡಿದ.

"ನನ್ನ ಹೆಸರು ಎತ್ತಿದ್ರೆ ಜೋಕೆ," ಎಂದಳು ಅವಳು ಮೆಲ್ಲಗೆ. "ಮೊಮ್ಮಕ್ಕಳ ಮುಂದೆ ಮರ್ಯಾದೆ ಇದೆ ನನಗೆ."

ಹಳೆಯ ಕತೆಯನ್ನೇ ಹೇಳಿದ. ಸುಳ್ಳೆಂದು ತಿಳಿದು ಹೇಳಿದ್ದು ಅದೇ ಮೊದಲು. ವಿಚಿತ್ರವೆಂದರೆ ಅಷ್ಟು ಚೆನ್ನಾಗಿ ಅವನು ಎಂದೂ ಹೇಳಿರಲಿಲ್ಲ. ಗೋಡೆಯ ಬಿಸಿ, ಹೊಗೆಯ ವಾಸನೆ, ಒದ್ದೆ ಬಟ್ಟೆ ಪಟಪಟನೆ ಬಡಿಯುವ ಸದ್ದು, ಎಲ್ಲ ಬಂತು. ಒದ್ದೆ ಬಟ್ಟೆಯ ಮಾತು ಬಂದಾಗ ಅಕ್ಕ ಬೇರೆ ಕಡೆ ನೋಡಿದಳು.

ಸಂಜೆ ಬೆಂಕಿ ಆರಿಸಿ, ಬೂದಿ ಕೆರೆದು, ಎಂಜಿನ್ನನ್ನು ವ್ಯಾನಿಗೆ ಏರಿಸುವ ಹೊತ್ತು. ಹೆಂಡತಿ ಹಲಗೆ ತರಲು ಹೋಗಿದ್ದಳು. ಅಕ್ಕ ತಣ್ಣಗಾಗುತ್ತಿದ್ದ ಬಾಯ್ಲರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

"ಆ ಹುಡುಗನ ಜೊತೆ ಮಾತಾಡಿದ್ದೆಯಾ ಯಾವಾಗ್ಲಾದ್ರೂ?"

"ಒಂದೇ ಸಲ. ಏನೋ ಕೆಟ್ಟು ಎಂಜಿನ್ನು ತಿರುವಿನಲ್ಲೇ ನಿಂತಿತ್ತು. ನೀನು ಜ್ವರ ಬಂದು ಮಲಗಿದ್ದೆ. ಇಳಿದು ಬಂದು ನೀರು ಕೇಳ್ದ. ಬೊಗಸೆಗೆ ಹೊಯ್ದೆ. ಮುಂಗೈ ಎಲ್ಲಾ ಕರ್ರಗೆ, ನೀರು ಬಿದ್ದ ಕಡೆ ಮಾತ್ರ ಬೆಳ್ಳಗಾಯ್ತು." ಅಕ್ಕ ಬಾಯ್ಲರಿನಿಂದ ಅಂಗೈ ತೆಗೆದು ನೋಡಿಕೊಂಡಳು. "ಮುಂದಿನ ತಿಂಗಳು ಅವನನ್ನ ಬೇರೆ ಎಲ್ಲಿಗೋ ಕೆಲ್ಸಕ್ಕೆ ಹಾಕಿದ್ರು. ಆಮೇಲೆ ನನ್ನ ಮದುವೆ."

"ಏನಂದ?"

"ಏನೂ ಇಲ್ಲ. ನೀರು ಕುಡಿದ. 'ಗೋಡೆ ಮೇಲೆ ಕೂರ್ತಾನಲ್ಲ ಆ ಪುಟ್ಟ, ಎಲ್ಲಿ ಇವತ್ತು?' ಅಂದ. ಜ್ವರ ಅಂದೆ. ಬೇಗ ವಾಸಿಯಾಗ್ಲಿ, ಅವನಿಲ್ದೆ ಬೇಜಾರು ಅಂದ."

ಅವನು ಕೈಲಿದ್ದ ಎಣ್ಣೆಬಟ್ಟೆಯನ್ನು ಕೆಳಗಿಟ್ಟ.

"ಹಾಗಂದನಾ? ಸರಿಯಾಗಿ ನೆನಪು ಮಾಡ್ಕೊ ಅಕ್ಕ. ಇನ್ನೇನು ಕೇಳ್ದ?"