ಸಾಲು ತುಂಬುವ ಆರು ಮಂದಿ

ಮಗಳನ್ನು ದಿನಾ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನಕ್ಕೆ ಬಿಡಲು ಶುರುಮಾಡಿದಾಗ ಫಕ್ಕೀರಸಾಬನಿಗೆ ಖೋ-ಖೋ ಆಟದ ಒಂದು ನಿಯಮವೂ ಗೊತ್ತಿರಲಿಲ್ಲ. ರಾಣೆಬೆನ್ನೂರು ಸ್ಟೇಷನ್ನಿನ ಮುಂದೆ ಹತ್ತೊಂಬತ್ತು ವರ್ಷದಿಂದ ಆಟೋ ಹೊಡೆಯುತ್ತಿದ್ದವನು ಅವನು. ಆಟ ಅಂದರೆ ಅವನ ಮಟ್ಟಿಗೆ ಕ್ರಿಕೆಟ್ಟು, ಅದೂ ಪಕ್ಕದ ಆಟೋದವನ ಮೊಬೈಲಿನಲ್ಲಿ ಇಣುಕಿ ನೋಡುವಷ್ಟು. ಜೂನ್ ತಿಂಗಳಲ್ಲಿ ಎಂಟನೇ ಇಯತ್ತೆಯ ತರನ್ನುಮ ಖೋ-ಖೋಗೆ ಹೆಸರು ಕೊಟ್ಟು ಬಂದಾಗ ಅವನಿಗೆ ಆಶ್ಚರ್ಯವೇ ಆಯಿತು. ಸ್ವಲ್ಪ ದಪ್ಪ ಮೈಯವಳು, ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವವಳು. ತಾನಾಗಿ ಇಂಥದ್ದು ಬೇಕು ಎಂದು ಕೇಳಿದ್ದೇ ಅಪರೂಪ. ಬೆಳಗಿನ ರೈಲುಗಾಡಿಯ ಗಿರಾಕಿಗಳನ್ನು ಬಿಟ್ಟು ಅವನು ಅವಳನ್ನು ಕರೆದೊಯ್ಯತೊಡಗಿದ.

ಮೊದಲ ವಾರ ಅಲ್ಲೇ ಕಾಂಪೌಂಡಿನ ಹತ್ತಿರ ನಿಂತು ನೋಡಿ ನೋಡಿ ಆಟ ಅರ್ಥಮಾಡಿಕೊಂಡ. ಎರಡು ಕಂಬಗಳ ನಡುವೆ ಎಂಟು ಜನ ಒಂದೇ ಸಾಲಿನಲ್ಲಿ, ಒಬ್ಬಳು ಆ ಕಡೆಗೆ ಒಬ್ಬಳು ಈ ಕಡೆಗೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಸಾಲು ದಾಟುವಂತಿಲ್ಲ, ಕಂಬ ಸುತ್ತುವವರೆಗೆ ಹಿಡಿದ ದಿಕ್ಕು ಬಿಡುವಂತಿಲ್ಲ. ಎದುರಾಳಿ ಸಾಲು ದಾಟಿ ಆಚೆ ನುಸುಳಿದರೆ, ಕೂತವಳೊಬ್ಬಳ ಬೆನ್ನು ಮುಟ್ಟಿ 'ಖೋ' ಎನ್ನುತ್ತಾಳೆ. ಮುಟ್ಟಿಸಿಕೊಂಡವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಇಷ್ಟೇ ಆಟ. ಅವನಿಗೆ ಇಷ್ಟವಾಯಿತು. ಯಾರ ಬೆನ್ನಿಗೆ ಯಾವಾಗ ಖೋ ಬೀಳುತ್ತದೋ ಗೊತ್ತಿಲ್ಲ, ಎಲ್ಲರೂ ತಯಾರಿರಬೇಕು.

ಮೂರನೇ ವಾರಕ್ಕೆ ಅವನಿಗೆ ಇನ್ನೊಂದು ಗೊತ್ತಾಯಿತು. ಯಾರ ಬೆನ್ನಿಗೆ ಬೀಳುವುದಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅಭ್ಯಾಸಕ್ಕೆ ಬರುತ್ತಿದ್ದವರು ಹದಿನೆಂಟು ಹುಡುಗಿಯರು. ಅವರಲ್ಲಿ ಹನ್ನೆರಡು ಜನ ತಂಡದವರು. ಉಳಿದ ಆರು ಮಂದಿ, ತರನ್ನುಮಳೂ ಸೇರಿ, ಸಾಲಿನಲ್ಲಿ ಕೂರುವವರು. ಪಿ.ಟಿ. ಮಾಸ್ತರ ಜಟ್ಟೆಪ್ಪ ಆ ಆರು ಜನರ ಜೊತೆಗೆ ತಂಡದ ಇಬ್ಬರನ್ನು ಕೂರಿಸುತ್ತಿದ್ದರು. ಅಟ್ಟಿಸಿಕೊಂಡು ಹೋಗುವವಳು ತಂಡದವಳು, ತಪ್ಪಿಸಿಕೊಳ್ಳುವವರು ತಂಡದವರು, ಖೋ ಸಿಗುತ್ತಿದ್ದುದು ಸಾಲಿನಲ್ಲಿದ್ದ ತಂಡದ ಆ ಇಬ್ಬರಿಗೆ. ಉಳಿದವರು ಒಂದೂವರೆ ಗಂಟೆ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು, ಮೈದಾನದಲ್ಲಿ ನೆಟ್ಟ ಗೂಟಗಳ ಹಾಗೆ. ಅವರ ಬೆನ್ನ ಹಿಂದೆಯೇ ಓಡಿದರೂ ಯಾರ ಕೈಯೂ ಅವರನ್ನು ಮುಟ್ಟುತ್ತಿರಲಿಲ್ಲ.

ಜುಲೈ ಕೊನೆಗೆ ಮನೆಯಲ್ಲಿ ಅವನ ಹೆಂಡತಿ ಸಕೀನಾಬಿ ಮಗಳ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಟೀಮಿನ್ಯಾಗಿನ ಶಾಹೀನ್‌ಳ ಬೂಟು ಎರಡು ತಿಂಗಳಿಗೆ ಹರದು ಹ್ವಾದುವಂತ. ಇವು ನೋಡ್ರಿ, ಅಂಗಡ್ಯಾಗಿಂದ ಈಗ ತಂದಂಗ ಅದಾವ. ಇಕಿ ಅಲ್ಲಿ ಹೋಗಿ ಏನ್ ಮಾಡ್ತಾಳ?"

ಮರುದಿನ ಅಭ್ಯಾಸ ಮುಗಿದ ಮೇಲೆ ಫಕ್ಕೀರಸಾಬ ಜಟ್ಟೆಪ್ಪನವರ ಹತ್ತಿರ ಹೋದ. ಅವರು ಸೀಟಿಯನ್ನು ಬೆರಳಿಗೆ ಸುತ್ತುತ್ತ ಬೈಕಿನ ಕಡೆ ಹೊರಟಿದ್ದರು.

"ಸರ, ಒಂದ ಮಾತಿತ್ರಿ. ನಮ್ಮ ಹುಡುಗಿ ತರನ್ನುಮ..."

"ಯಾರು?"

"ತರನ್ನುಮ್ರಿ. ಸಾಲಿನ್ಯಾಗ ಆ ಕಂಬದ ಕಡೆ ಕುಂದ್ರತಾಳಲ್ರಿ."

"ಹಾಂ, ಹಾಂ. ಭಾಳ ಶಾಂತ ಹುಡುಗಿ. ಏನಾತು?"

"ಎರಡ ತಿಂಗಳಾತ್ರಿ, ಒಮ್ಮೆನೂ ಖೋ ಸಿಕ್ಕಿಲ್ರಿ ಅಕಿಗೆ. ಅಕಿಗಷ್ಟ ಅಲ್ಲ, ಆರೂ ಹುಡುಗ್ಯಾರಿಗೆ ಸಿಕ್ಕಿಲ್ಲ. ಟೀಮಿಗೆ ತಗೋರಿ ಅಂತ ನಾ ಅನ್ನಂಗಿಲ್ರಿ. ಪ್ರಾಕ್ಟೀಸಿನ್ಯಾಗರ ಆಡ್ಲಿ ಅಂತೇನಿ."

ಜಟ್ಟೆಪ್ಪ ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಮಕ್ಕಳ ಮೇಲೆ ಕೈ ಎತ್ತಿದ್ದನ್ನು ಯಾರೂ ನೋಡಿರಲಿಲ್ಲ. "ನೋಡ್ರಿ ಸಾಬ್ರ, ತಾಲೂಕು ಮಟ್ಟ ಇನ್ನ ಹದಿನೈದ ದಿನ ಐತಿ. ಅದನ್ನ ಗೆದ್ರ ಹಾವೇರಿಗೆ ಜಿಲ್ಲಾ ಮಟ್ಟ. ಇರೋದು ಒಂದ ಮೈದಾನ, ನಾ ಒಬ್ಬ. ನಿಮ್ಮ ಹುಡುಗಿಗೆ ಖೋ ಕೊಟ್ರ ಅಕಿ ಎದ್ದು ಓಡೂದ್ರಾಗ ಆಟಾನ ಮುಗದಿರ್ತದ. ನಾ ಯಾರಿಗೆ ಕಲಸ್ಲಿ, ಹೇಳ್ರಿ?"

"ಬರಂಗಿಲ್ಲಂದವರಿಗೇ ಕಲಸಬೇಕಲ್ರಿ ಸರ. ಆಟ ಬರೂದಿದ್ರ ಅವ್ರು ಕಲ್ಯಾಕ ಯಾಕ ಬರ್ತಿದ್ರು?"

"ಮಾತಾಡಾಕ ಚಂದ ಐತಿ. ಸೋತು ಬಂದಾಗ ಹೆಡ್ ಮಾಸ್ತರ ಕೇಳೂದು ನನಗ." ಬೈಕ್ ಶುರುವಾಯಿತು. "ಕುಂದ್ರೂದೂ ಪ್ರಾಕ್ಟೀಸನ ರೀ. ನೋಡಿ ಕಲೀತಾರ."

ಹಿಂದೆ ನಿಂತಿದ್ದ ಹುಡುಗಿಯರೆಲ್ಲ ಕೇಳಿಸಿಕೊಂಡಿದ್ದರು. ಆಟೋ ಮನೆ ಮುಂದೆ ನಿಂತ ಕೂಡಲೇ ತರನ್ನುಮ ಅಪ್ಪನ ಮೇಲೆ ರೇಗಿದಳು. ಮನೆಯಲ್ಲಿ ಅವರು ಉರ್ದು, ಕನ್ನಡ ಎರಡನ್ನೂ ಬೆರೆಸಿ ಆಡುವವರು. ಆದರೆ ಸಿಟ್ಟು ಬಂದರೆ ಅವಳು ಪೂರಾ ಶಾಲೆಯ ಕನ್ನಡಕ್ಕೆ ಹೊರಳುತ್ತಿದ್ದಳು.

"ಯಾಕ ಕೇಳಿದ್ರಿ ಅಬ್ಬಾ? ನಾ ಕೇಳ್ರಿ ಅಂದಿದ್ನೇನು?"

"ನಿನಗ ಆಡೂದು ಬ್ಯಾಡೇನು?"

"ಬೇಕು. ಆದ್ರ ಹಂಗಲ್ಲ. ಭುವನಾ ಎಲ್ಲಾರ ಮುಂದ ಏನಂದ್ಲು ಗೊತ್ತೈತೇನು? 'ಇನ್ನ ಮ್ಯಾಲೆ ಅಪ್ಪಾರನ್ನ ಕರಕೊಂಡ ಬಂದವರಿಗೆ ಖೋ' ಅಂದ್ಲು."

ಭುವನಾ ತಂಡದ ನಾಯಕಿ. ಒಂಬತ್ತನೇ ಇಯತ್ತೆ, ಕಡ್ಡಿಯಂಥ ಹುಡುಗಿ, ಕಂಬ ಸುತ್ತಿ ತಿರುಗುವಾಗ ಅವಳ ಜಡೆ ನೆಲಕ್ಕೆ ಸಮನಾಗಿ ಹಾರುತ್ತಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಫಕ್ಕೀರಸಾಬನಿಗೆ ಕಷ್ಟವಾಗುತ್ತಿತ್ತು; ಅಷ್ಟು ಚೆನ್ನಾಗಿ ಆಡುತ್ತಿದ್ದಳು. ಅದೇ ಅವನ ಸಂಕಟವನ್ನು ಹೆಚ್ಚಿಸಿತು. ಇಡೀ ದಿನ ಅವನು ಗಿರಾಕಿಗಳ ಮೇಲೆ ರೇಗಾಡಿದ. ಕುಪ್ಪೇಲೂರಿನ ಮುದುಕಿಯೊಬ್ಬಳು ಚೀಲ ಹತ್ತಿಸಲು ತಡಮಾಡಿದ್ದಕ್ಕೆ ಕೂಗಿ, ಆಮೇಲೆ ತಾನೇ ಇಳಿದು ಹತ್ತಿಸಿ, ಬಸ್ ನಿಲ್ದಾಣದ ಒಳಗಿನವರೆಗೆ ಹೊತ್ತುಕೊಂಡು ಹೋಗಿ ಕೊಟ್ಟ.

ತಂಡ ತಾಲೂಕು ಮಟ್ಟ ಗೆದ್ದಿತು. ಪೇಪರಿನಲ್ಲಿ ಫೋಟೊ ಬಂತು, ಹನ್ನೆರಡು ಜನ, ಜಟ್ಟೆಪ್ಪ, ಹೆಡ್ ಮಾಸ್ತರ. ಆರು ಜನರಿಗೆ ಪಂದ್ಯದ ದಿನ ರಜೆಯೂ ಇರಲಿಲ್ಲ, ತರಗತಿಯಲ್ಲಿ ಪಾಠ ಕೇಳುತ್ತಿದ್ದರು.

ಅದಾದ ನಾಲ್ಕು ದಿನಕ್ಕೆ ಮೈದಾನದಲ್ಲಿ ನಡೆದದ್ದನ್ನು ಫಕ್ಕೀರಸಾಬ ಕಣ್ಣಾರೆ ಕಂಡ. ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ. ಜಟ್ಟೆಪ್ಪ ಸೀಟಿ ಊದಿ, "ಸಾಲು, ಸಾಲು!" ಎಂದರು. ಆರು ಹುಡುಗಿಯರು ಕೂರಲಿಲ್ಲ. ತರನ್ನುಮ, ಅವಳ ಗೆಳತಿ ಸುಧಾರಾಣಿ, ಮತ್ತೆ ನಾಲ್ವರು ಗೆರೆಯ ಹೊರಗೆ ಸಾಲಾಗಿ ನಿಂತರು.

"ಯಾಕ? ಏನಾತು?"

ಸುಧಾರಾಣಿ ತರನ್ನುಮಳನ್ನು ಮೊಣಕೈಯಿಂದ ತಿವಿದಳು.

"ಸರ," ಎಂದಳು ತರನ್ನುಮ. ದನಿ ಎಷ್ಟು ಸಣ್ಣದಿತ್ತೆಂದರೆ ಕಾಂಪೌಂಡಿನ ಬಳಿ ಫಕ್ಕೀರಸಾಬ ಉಸಿರು ಬಿಗಿಹಿಡಿಯಬೇಕಾಯಿತು. "ಆಡಾಕ ಕೊಟ್ರ ಕುಂದ್ರತೇವ್ರಿ. ಬರೇ ಕುಂದ್ರಾಕ ನಾವು ಬರಂಗಿಲ್ರಿ."

"ಓಹೋ. ಸ್ಟ್ರೈಕೇನು? ಕುಂದ್ರಬ್ಯಾಡ್ರಿ. ಹೋಗ್ರಿ ಮನೀಗೆ."

ಅವರು ಮನೆಗೆ ಹೋಗಲಿಲ್ಲ, ಅಲ್ಲೇ ನಿಂತರು. ಜಟ್ಟೆಪ್ಪ ಹನ್ನೆರಡು ಜನರಲ್ಲೇ ಅಭ್ಯಾಸ ಶುರುಮಾಡಿಸಿದರು. ಎಂಟು ಜನ ಕೂತು ಒಬ್ಬಳು ಅಟ್ಟಿದರೆ, ತಪ್ಪಿಸಿಕೊಳ್ಳಲು ಮೂವರೇ ಉಳಿದರು. ಅದೇ ಮೂವರು ಮತ್ತೆ ಮತ್ತೆ ಓಡಿ ಹತ್ತೇ ನಿಮಿಷಕ್ಕೆ ಸುಸ್ತಾದರು. ಬದಲಾಯಿಸಲು ಹೋದರೆ ಸಾಲು ಮುರಿಯಿತು. ಖೋ ಯಾರಿಗೆ ಕೊಡಬೇಕೆಂದು ತಿಳಿಯದೆ ಇಬ್ಬರು ಡಿಕ್ಕಿ ಹೊಡೆದರು. ಭುವನಾ ಸಿಟ್ಟಿನಿಂದ ಕಂಬಕ್ಕೆ ಕೈ ಹೊಡೆದು, "ಸರ, ಹಿಂಗ ಆಗಂಗಿಲ್ರಿ. ಅವರ ಬೇಕ್ರಿ," ಎಂದಳು.

ಎರಡು ದಿನ ಹೀಗೇ ನಡೆಯಿತು. ಮೂರನೇ ದಿನ ಜಟ್ಟೆಪ್ಪ ಆರೂ ಜನರನ್ನು ಕರೆದು, "ಕಡೀ ಇಪ್ಪತ್ತ ನಿಮಿಷ ನಿಮ್ಮದು. ಸಾಕೇನು?" ಎಂದರು. ಮುಖ ಗಂಟು ಹಾಕಿಕೊಂಡೇ ಇತ್ತು. ತರನ್ನುಮ ಆಟೋದಲ್ಲಿ ಅಂದು ಇಡೀ ದಾರಿ ಹಾಡು ಗುನುಗಿದಳು.

ಆ ಇಪ್ಪತ್ತು ನಿಮಿಷ ಹೇಗಿರುತ್ತಿತ್ತೆಂಬುದನ್ನು ನೋಡಿದ ಮೇಲೆ ಫಕ್ಕೀರಸಾಬನ ಖುಷಿ ಇಳಿಯಿತು. ಏಳೂ ಹತ್ತಕ್ಕೆ ಬಿಸಿಲು ಏರಿರುತ್ತಿತ್ತು. ಆರು ಜನರಲ್ಲಿ ಐವರು ಕೂತು ಒಬ್ಬಳು ಅಟ್ಟುತ್ತಿದ್ದಳು. ತಂಡದವರು ನೀರು ಕುಡಿದು, ಹರಟುತ್ತ, ಕಾಟಾಚಾರಕ್ಕೆ ಎದುರಾಳಿಗಳಾಗಿ ಓಡುತ್ತಿದ್ದರು. ಜಟ್ಟೆಪ್ಪ ಕಟ್ಟೆಯ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಖೋ ಬೀಳುವ ಮೊದಲೇ ಸುಧಾರಾಣಿ ಎದ್ದರೂ, ತರನ್ನುಮ ಓಡುತ್ತ ಓಡುತ್ತ ದಿಕ್ಕು ಬದಲಿಸಿದರೂ, ಫೌಲ್ ಎನ್ನುವವರಿಲ್ಲ, ಹೀಗಲ್ಲ ಹಾಗೆ ಎಂದು ತೋರಿಸುವವರಿಲ್ಲ. ಆರು ಜನ ತಪ್ಪು ಆಟವನ್ನೇ ಆಡಿ ಆಡಿ ದಣಿಯುತ್ತಿದ್ದರು.

ಫಕ್ಕೀರಸಾಬ ತಡೆಯಲಾರದೆ ಮತ್ತೆ ಹೋದ. "ಸರ, ಹುಡುಗ್ಯಾರು ಆಡಾಕತ್ತಾರ. ತುಸು ನೋಡ್ರಲ್ಲ."

"ಆಡ್ಲಿ ಬಿಡ್ರಿ. ಕೇಳಿದ್ದು ಕೊಟ್ಟೇನಲ್ಲ?" ಜಟ್ಟೆಪ್ಪ ತಲೆ ಎತ್ತಲಿಲ್ಲ.

ಅವನಿಗೆ ಕಿರುಚಬೇಕೆನಿಸಿತು. ಏನೆಂದು ಕಿರುಚುವುದು? ಕೊಟ್ಟಿಲ್ಲ ಎನ್ನಲು ಬರುವಂತಿರಲಿಲ್ಲ. ಆದರೆ ಕೊಟ್ಟದ್ದು ಲೆಕ್ಕಕ್ಕೆ ಬರುವಂಥದ್ದೂ ಅಲ್ಲ.

ಒಂದು ವಾರ ಹಾಗೇ ಕಳೆಯಿತು. ಸಹಾಯ ಬಂದದ್ದು ಅವನು ಎಣಿಸದ ಕಡೆಯಿಂದ. ಭುವನಾಳ ಅಪ್ಪ ಶಂಭುಲಿಂಗಪ್ಪ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವರು. ಅವಳನ್ನು ಕರೆದೊಯ್ಯಲು ಬರುವುದು ದಿನಾ ತಡವಾಗುತ್ತಿತ್ತು. ಆ ಇಪ್ಪತ್ತು ನಿಮಿಷ ಆಟಕ್ಕಿಳಿಯದೆ ಅವರನ್ನು ಕಾಯುತ್ತ ಕೂತ ಭುವನಾಳಿಗೆ ಎದುರಿಗೆ ನಡೆಯುತ್ತಿದ್ದ ಆಟವನ್ನು ನೋಡಲಾಗಲಿಲ್ಲ.

"ಏ, ತರನ್ನುಮ! ಭುಜ ತಿರುಗಿಸಿದಿ, ಫೌಲ್! ಕಣ್ಣ ಅದಾವೋ ಇಲ್ಲೋ?" ಎಂದು ಅವಳು ಗೆರೆಯೊಳಗೆ ನುಗ್ಗಿದಳು. "ಎದ್ದ ಕೂಡ್ಲೆ ಒಂದ ಕಡೆ ಹಿಡಿ. ತಪ್ಪಾದ್ರೂ ಅದ ಕಡೆ ಓಡು. ಕಂಬ ಸುತ್ತಿದ ಮ್ಯಾಲೆ ತಿರಗು. ನಿನಗ ಓಡಾಕ ಬರಂಗಿಲ್ಲಂದ್ರ ಯಾಕ ಓಡ್ತಿ? ಓಡಬ್ಯಾಡ. ಖೋ ಕೊಡು! ಲಗೂ ಕೊಡು!"

ಅದರಲ್ಲಿ ಪ್ರೀತಿ ಏನೂ ಇರಲಿಲ್ಲ. ಕೆಟ್ಟ ಆಟ ನೋಡಿ ಅವಳ ಮೈ ಉರಿಯುತ್ತಿತ್ತು, ಅಷ್ಟೇ. ತರನ್ನುಮಳ ಕಣ್ಣಲ್ಲಿ ನೀರು ಬಂತು. ಆದರೂ ಮರುದಿನ ಅವಳು ಖೋ ಸಿಕ್ಕ ಕೂಡಲೇ ಎರಡು ಹೆಜ್ಜೆ ಇಟ್ಟು ಮುಂದಿನವಳ ಬೆನ್ನಿಗೆ ಖೋ ಕೊಟ್ಟಳು. ಆ ಹುಡುಗಿ ಎದ್ದದ್ದು ಶಾಹೀನ್‌ಳ ಎದುರಿಗೇ. ಕೈ ಚಾಚಿದರೆ ಸಾಕಾಯಿತು, ಶಾಹೀನ್ ಔಟು. ತಂಡದ ಹುಡುಗಿ ಸಾಲಿನ ಹುಡುಗಿಯಿಂದ ಔಟಾದದ್ದು ಅದೇ ಮೊದಲು. ಅಂದಿನಿಂದ ತಂಡದವರೂ ಆ ಇಪ್ಪತ್ತು ನಿಮಿಷ ಸ್ವಲ್ಪ ಎಚ್ಚರದಿಂದ ಓಡತೊಡಗಿದರು.

ಸುಧಾರಾಣಿ ಅಷ್ಟರಲ್ಲಿ ಅಭ್ಯಾಸಕ್ಕೆ ಬರುವುದನ್ನು ಬಿಟ್ಟಿದ್ದಳು. ಆರು ಜನರಲ್ಲಿ ಕಾಲು ಚುರುಕಾಗಿದ್ದವಳು ಅವಳೇ. "ಟೀಮಿನ್ಯಾಗ ಇಲ್ಲಂದ್ರ ಟ್ಯೂಶನ್ನಿಗರ ಹೋಗು ಅಂದ್ರಂತ ಅವರ ಮನ್ಯಾಗ," ಎಂದು ತರನ್ನುಮ ಹೇಳಿದಾಗ ಫಕ್ಕೀರಸಾಬನಿಗೆ ಆ ಮನೆಗೇ ಹೋಗಿ ಮಾತಾಡಬೇಕೆನಿಸಿತು. ಹೋಗಲಿಲ್ಲ. ಅವರಿಗೆ ಏನು ಭರವಸೆ ಕೊಡುವುದು?

ಸೆಪ್ಟೆಂಬರಿನಲ್ಲಿ ತಂಡ ಹಾವೇರಿಗೆ ಹೋಯಿತು. ಐದು ಹುಡುಗಿಯರು ನೋಡಲು ಹೋಗುತ್ತೇವೆ ಎಂದಾಗ ಫಕ್ಕೀರಸಾಬ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಮೊದಲ ಪಂದ್ಯ ಗೆದ್ದರು. ಎರಡನೆಯದರಲ್ಲಿ ಬ್ಯಾಡಗಿ ಕಡೆಯ ತಂಡದ ಎದುರು ಮೂರು ಅಂಕದಿಂದ ಸೋತರು. ಭುವನಾ ನೆಲಕ್ಕೆ ಕೂತು ಅತ್ತಳು. ತರನ್ನುಮ ಅವಳ ಪಕ್ಕ ನೀರಿನ ಬಾಟಲಿ ಇಟ್ಟು ಬಂದಳು.

ಜಟ್ಟೆಪ್ಪ ಬ್ಯಾಗು ಎತ್ತಿಕೊಳ್ಳುತ್ತ ಫಕ್ಕೀರಸಾಬನನ್ನು ಕಂಡರು. ಅವರ ಮುಖ ಬಾಡಿತ್ತು. "ನೋಡಿದ್ರಿಲ್ಲ ಸಾಬ್ರ? ಮೂರ ಪಾಯಿಂಟು. ದಿನಾ ಇಪ್ಪತ್ತ ನಿಮಿಷ ಕಡಿಮಿ ಆತು. ಅದು ಇದ್ದಿದ್ರ..."

ಫಕ್ಕೀರಸಾಬ ಅವರಿಗೆ ಅಡ್ಡ ನಿಂತ. "ಹಂಗನಬ್ಯಾಡ್ರಿ ಸರ! ಎರಡ ತಿಂಗಳು ಈ ಹುಡುಗ್ಯಾರು ಗೂಟಾಗಿ ಕುಂತು ನಿಮ್ಮ ಟೀಮ್ ತಯಾರ್ ಮಾಡ್ಯಾರ. ಗೆದ್ದಾಗ ಫೋಟೊದಾಗ ಇವರಿಲ್ಲ. ಸೋತಾಗ ತಪ್ಪು ಮಾತ್ರ ಇವರದೇನ್ರಿ?"

ಸುತ್ತಲಿದ್ದವರು ತಿರುಗಿ ನೋಡಿದರು. ಮಗಳು ಮತ್ತೆ ಸಿಟ್ಟಾಗುತ್ತಾಳೆ ಎಂದು ಫಕ್ಕೀರಸಾಬ ಅವಳ ಕಡೆ ನೋಡಿದ. ಅವಳು ಅವನ ಪಕ್ಕಕ್ಕೆ ಬಂದು ನಿಂತಿದ್ದಳು.

"ಸರ," ಎಂದಳು, "ಮುಂದಿನ ಜೂನ್‌ದಾಗ ನಾವು ಐದೂ ಮಂದಿ ಬರ್ತೇವ್ರಿ. ಮೊದಲ ದಿನಾನ ಹೇಳಿಬಿಡ್ರಿ, ನಮಗೂ ಕಲಸ್ತೀರೋ ಇಲ್ಲೋ ಅಂತ."

"ನೋಡೂಣಂತ ತಗೋ," ಎಂದು ಜಟ್ಟೆಪ್ಪ ಬ್ಯಾಗು ಹೆಗಲಿಗೇರಿಸಿ ಹೊರಟರು.

ರಾಣೆಬೆನ್ನೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತ ತರನ್ನುಮ ಕೇಳಿದಳು, "ಅಬ್ಬಾ, ಸರು ಹೂಂ ಅಂದಂಗೋ, ಇಲ್ಲ ಅಂದಂಗೋ?"

ಫಕ್ಕೀರಸಾಬನಿಗೂ ಅದು ಗೊತ್ತಾಗಿರಲಿಲ್ಲ. "ಜೂನ್‌ದಾಗ ಹೋಗಿ ಕೇಳೂಣು," ಎಂದ. ಅವಳು ಅದನ್ನು ಒಪ್ಪಿದ ಹಾಗೆ ಕಾಣಲಿಲ್ಲ. ಪಕ್ಕದ ಹುಡುಗಿಯ ಕಡೆ ತಿರುಗಿ, ಎರಡನೇ ಪಂದ್ಯದಲ್ಲಿ ಶಾಹೀನ್ ಖೋ ಕೊಡಲು ಎಷ್ಟು ತಡಮಾಡಿದಳೆಂದು ಬೆರಳು ಮಡಿಸುತ್ತ ಹೇಳತೊಡಗಿದಳು.