ಬಾಗಿಲು ಬಡಿಯುವ ಕಾಲೇಜು

ಮೇಲಿನ ಮನೆಯಲ್ಲಿ ಗಿರಿಧರ್ ಹೆಂಡತಿ ಲಾವಣ್ಯಾಳನ್ನು ಹೊಡೆಯುತ್ತಿದ್ದ. ಇದು ಮೂರನೆಯ ಭಾನುವಾರ. ಮೊದಲ ವಾರ ರಚನಾ, ಮೇಜು ಕುರ್ಚಿ ಎಳೆದಾಡುತ್ತಿರಬೇಕು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಿದ್ದಳು. ಎರಡನೆಯ ವಾರ ಕಿವಿಗೆ ಹಾಡು ಹಾಕಿಕೊಂಡು ಕೂತಿದ್ದಳು. ಕೂರದೆ ಏನು ಮಾಡಿಯಾಳು? ಜರ್ಮನಿಯ ರೇಗನ್ಸ್‌ಬರ್ಗಿನ ಆಫೀಸಿನಲ್ಲಿ ಗಿರಿಧರನೇ ಅವಳ ಟೀಮ್ ಲೀಡ್. ಅವಳ ಪ್ರೊಬೇಷನ್ ಮುಗಿಯಲು ನಾಳೆ ಅವನ ಸಹಿ ಬೀಳಬೇಕು. ಬೀಳದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಹಾಗೆಂದ ಪುಣ್ಯಾತ್ಮನ ಬೆನ್ನಿಗೆ ಬೆಲ್ಟು ಬಿದ್ದಿರಲಿಕ್ಕಿಲ್ಲ. ಇವತ್ತು ಏನೋ ಒಡೆಯಿತು, ಲಾವಣ್ಯಾಳ ಚೀರಾಟ ಅರ್ಧಕ್ಕೇ ನಿಂತಿತು. ರಚನಾ ಎದ್ದಳು.

ಅವಳು ಎಂ.ಎಸ್. ಓದಿದ್ದು ಅಮೆರಿಕದ ಅಲಬಾಮಾದಲ್ಲಿ, ಬೇರೆ ಕಾಲೇಜುಗಳು ಒಳಗೆ ಬಿಡದಿದ್ದ ಕಾಲದಲ್ಲಿ ಕಪ್ಪು ಜನ ತಾವೇ ಕಟ್ಟಿಕೊಂಡ ಕಾಲೇಜಿನಲ್ಲಿ. ಯುಗಾದಿ ಊಟದಲ್ಲಿ ಗಿರಿಧರ್ "ಅದೂ ಒಂದು ಯೂನಿವರ್ಸಿಟೀನಾ?" ಎಂದು ನಕ್ಕಿದ್ದ. ಲಾವಣ್ಯಾಳೂ ನಕ್ಕಿದ್ದಳು. ಆ ಕಾಲೇಜಿನಲ್ಲೊಂದು ಪದ್ಧತಿ: ಒಬ್ಬರು ಕ್ಲಾಸಿಗೆ ಬರದಿದ್ದರೂ ಪಾಠ ಶುರುವಾಗುವುದಿಲ್ಲ, ಯಾರಾದರೂ ಹೋಗಿ ಅವರ ಬಾಗಿಲು ಬಡಿಯಬೇಕು. ಫೇಲಾದ ನಾಚಿಕೆಗೆ ರಚನಾ ಮೂರು ದಿನ ಬಾಗಿಲು ಹಾಕಿಕೊಂಡು ಬಿದ್ದಿದ್ದಾಗ, ಎಪ್ಪತ್ತರ ಪ್ರೊಫೆಸರ್ ಬಾಸ್ವೆಲ್ ತಾವೇ ಬಂದು ಒಂದು ಗಂಟೆ ಬಡಿದಿದ್ದರು. "ನಮ್ಮ ಮುತ್ತಜ್ಜಂದಿರು ಅಕ್ಷರ ಕಲಿತದ್ದಕ್ಕೆ ಚಾಟಿಯೇಟು ತಿಂದರು. ಬಿಳಿಯರು ಈ ಕಾಲೇಜನ್ನ ಎರಡು ಸಲ ಸುಟ್ಟರು. ಆದರೂ ನಮ್ಮವರು ಬಿಟ್ಟು ಹೋಗಲಿಲ್ಲ. ಈಗ ನಾನು ಈ ಬಾಗಿಲು ಬಿಟ್ಟು ಹೋಗ್ತೀನಾ ಮಗಳೇ?" ಎಂದಿದ್ದರು.

ರಚನಾ ಮೇಲೆ ಹತ್ತಿ ಬಾಗಿಲು ಬಡಿದಳು. ತೆಗೆದವನು ಗಿರಿಧರ್.

"ಮನೆ ವಿಷಯ ಇದು. ನಾಳೆ ಏನಿದೆ ಅಂತ ನೆನಪಿದೆ ತಾನೇ?"

"ಐತ್ರೀ. ಲಾವಣ್ಯಾನ್ನ ಹೊರಗ ಕಳಸ್ರಿ."

ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ಮೆಟ್ಟಿಲ ಕಂಬಿಗೆ ಬಡಿದು ಬಿದ್ದಳು. ಒಂದು ಹಲ್ಲು ಅಂಗೈಗೆ ಬಂತು. ಬಾಗಿಲು ಮುಚ್ಚಿತು, ಒಳಗೆ ಬೆಲ್ಟು ಮತ್ತೆ ಶುರುವಾಯಿತು. ಅವಳು ಬಡಿದರೆ ಬೆಲ್ಟು ನಿಲ್ಲುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. ಫೋನು ಕೆಳಗೆ ಮನೆಯಲ್ಲಿತ್ತು. ಇಳಿದು ಹೋಗುವಂತಿರಲಿಲ್ಲ.

ಎದುರು ಮನೆಯ ಜರ್ಮನ್ ಮುದುಕ ಹೊರಬಂದ. ಭಾನುವಾರ ಸದ್ದು ಮಾಡುವುದು ಕಾನೂನಿಗೆ ವಿರುದ್ಧ, ಪೊಲೀಸರನ್ನು ಕರೆಯುತ್ತೇನೆ ಎಂದ. ಮೂರು ವಾರ ಹೆಂಗಸೊಬ್ಬಳು ಚೀರಿದ್ದು ಈ ಮಹಾನುಭಾವನ ಕಿವಿಗೆ ಬಿದ್ದಿರಲಿಲ್ಲ. ರಚನಾಳ ಮೈಯೆಲ್ಲ ಉರಿಯಿತು. ಮರುಕ್ಷಣವೇ ಉಪಾಯವೂ ಹೊಳೆಯಿತು.

"ದಯವಿಟ್ಟು ಕರೆಯಿರಿ" ಎಂದು ಹರಕು ಜರ್ಮನಿನಲ್ಲಿ ಹೇಳಿ, ಅವನ ಹೊಸ್ತಿಲಲ್ಲಿದ್ದ ದಪ್ಪ ಬೂಟನ್ನೇ ಎತ್ತಿಕೊಂಡು ಬಡಿಯತೊಡಗಿದಳು. ಎರಡು ಕೈಯಲ್ಲಿ ಬಡಿದಳು, ಕಾಲಲ್ಲಿ ಒದ್ದಳು. ಬಾಗಿಲ ತುಂಬ ಅವಳ ರಕ್ತದ ಗುರುತು. ಇಪ್ಪತ್ತು ನಿಮಿಷ ಒಂದು ಗಳಿಗೆಯೂ ನಿಲ್ಲಿಸಲಿಲ್ಲ.

ಪೊಲೀಸರು ಬಂದದ್ದು ಅವಳನ್ನು ಹಿಡಿಯಲಿಕ್ಕೆ. ಗಿರಿಧರ್ ನಗುತ್ತ ಬಾಗಿಲು ತೆಗೆದು, ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಸೊಗಸಾದ ಜರ್ಮನಿನಲ್ಲಿ ವಿವರಿಸತೊಡಗಿದ. ಅವನ ಹಿಂದೆ ಗೋಡೆ ಹಿಡಿದು ಲಾವಣ್ಯಾ ತೆವಳಿಕೊಂಡು ಬಂದಳು. ಅವಳ ಮುಖ ನೋಡಿದ ಮಹಿಳಾ ಪೊಲೀಸ್ ಅವನ ಕೈ ತಿರುಚಿ ಗೋಡೆಗೆ ಒತ್ತಿ ಹಿಡಿದಳು.

"ನಾಳೆಯಿಂದ ಆಫೀಸಿಗೆ ಬರೋದು ಬೇಡ" ಎಂದ ಗಿರಿಧರ್, ಕೋಳ ಬೀಳುವಾಗಲೂ.

"ಗೊತ್ತೈತಿ" ಎಂದಳು ರಚನಾ. ಬೂಟನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು.

ಲಾವಣ್ಯಾ ಬಂದು ಅವಳ ಪಕ್ಕ ಕೂತಳು. ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಕಣ್ಣಲ್ಲಿ ಮೆಟ್ಟಿಲ ಮೇಲೆ ಕೆಳಗೆ ಹುಡುಕಿದಳು.

"ಉಳಿದೋರೆಲ್ಲ ಎಲ್ಲಿ?"

"ಯಾರು?"

"ಬಾಗಿಲು ಬಡೀತಿದ್ದೋರು. ತುಂಬ ಜನ ಬಂದಿದ್ದಾರೆ ಅಂದ್ಕೊಂಡೆ."