ಗೆದ್ದಲು ಹತ್ತದ ಹಲಗೆ

ಆ ಮನೆಯಲ್ಲಿ ಕೋಳಿಗೂಡಿನ ಮಾತು ಎದ್ದಿದ್ದು ಮಗಳು ಬಸುರಾದ ಮೇಲೆ. ಆಸ್ಪತ್ರೆಯ ನರ್ಸಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ. ದಿನಕ್ಕೊಂದು ಮೊಟ್ಟೆನಾದ್ರೂ ತಿನ್ನು" ಎಂದಿದ್ದಳು. ಹೇಳುವುದು ಸುಲಭ. ಅಳಿಯ ಕೆಲಸಕ್ಕಿದ್ದ ಗ್ಯಾರೇಜು ಬಾಗಿಲು ಹಾಕಿ ವರ್ಷವಾಗುತ್ತ ಬಂದಿತ್ತು. ಮನೆ ನಡೆಯುತ್ತಿದ್ದುದು ಮಗಳ ಹೊಲಿಗೆ ಮಿಷನ್ನಿನಿಂದ. ಅಂಗಡಿಯ ಮೊಟ್ಟೆ ಒಂದು ದಿನ ಬಂದರೆ ಮೂರು ದಿನ ಇಲ್ಲ.

"ನಾವೇ ನಾಲ್ಕು ಕೋಳಿ ಸಾಕಿದ್ರೆ?" ಎಂದ ಅಳಿಯ ಒಂದು ಬೆಳಿಗ್ಗೆ. "ಹಿತ್ತಿಲು ಹೇಗೂ ಖಾಲಿ ಬಿದ್ದಿದೆ. ಗೂಡು ನಾನೇ ಕಟ್ತೀನಿ."

ಮಾವ ಎದುರಿಗೇ ಕೂತಿದ್ದ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಆ ಬೀದಿಯ ಅರ್ಧ ಮನೆಗಳ ಬಾಗಿಲು ಅವನ ಕೈಯದೇ. ಈಗ ಕೈ ನಡುಗುತ್ತಿತ್ತು, ಲೋಟ ಹಿಡಿದರೆ ಟೀ ತುಳುಕುತ್ತಿತ್ತು, ನಿಜ. ಆದರೂ ಮರದ ಕೆಲಸ ಅಂದಮೇಲೆ "ಏನಂತೀರಿ ಮಾವ?" ಅನ್ನುವ ಒಂದು ಮಾತು ಬರಬಹುದೆಂದು ಕಾದ. ಬರಲಿಲ್ಲ. ಅಳಿಯ ಆಗಲೇ ಸೀಮೆಸುಣ್ಣ ಹಿಡಿದು ಹಿತ್ತಿಲ ಗೋಡೆಯ ಮೇಲೆ ಗೂಡಿನ ಚಿತ್ರ ಬರೆಯುತ್ತಿದ್ದ.

ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮುದುಕನನ್ನು ಹೆಚ್ಚು ಚುಚ್ಚಿದ್ದು ಅದೇ. ಮಳೆನೀರು ಜಾರಿಹೋಗುವಂತೆ ಒಂದು ಕಡೆಗೆ ಇಳಿಬಿಟ್ಟ ಮಾಡು, ಮೊಣಕಾಲೆತ್ತರದ ಕಾಲುಗಳು, ಕೋಳಿ ಕೂರಲು ಅಡ್ಡಗೋಲು, ಮೊಟ್ಟೆಯಿಡಲು ಹುಲ್ಲು ಹಾಸಿದ ಪೆಟ್ಟಿಗೆ. ದುಡ್ಡು ಕೊಟ್ಟು ತಂದದ್ದು ಮೊಳೆ ಮತ್ತು ಜಾಲರಿ ಮಾತ್ರ. ಮಾಡಿಗೆ ಗ್ಯಾರೇಜಿನ ಹಳೆಯ ತಗಡು, ಕಾಲಿಗೆ ಮುರಿದ ಮೇಜು, ಬಾಗಿಲಿಗೆ ಯಾರೋ ಬಿಸಾಡಿದ ಕಿಟಕಿಯ ಚೌಕಟ್ಟು. ಸುತ್ತ ಹೊಡೆಯಲು ಹಲಗೆ ಮಾತ್ರ ಬಾಕಿಯಿತ್ತು.

ಅದೂ ಸಿಕ್ಕಿತು. ಊರಾಚೆ ಒಂದು ಹಳೆಯ ಗೋದಾಮು ಕೆಡವುತ್ತಿದ್ದರು. ಅಳಿಯ ಕೈಗಾಡಿಯ ತುಂಬ ಹಲಗೆ ಹೇರಿಕೊಂಡು ಬಂದ, ಬೆವರು ಸುರಿಸುತ್ತ, ಹಲ್ಲು ಕಿರಿಯುತ್ತ.

"ಬಿಟ್ಟಿ, ಮಾವ! ಪೂರ್ತಿ ಬಿಟ್ಟಿ! ಒಂದು ತೂತಿಲ್ಲ, ಒಂದು ಹುಳ ಇಲ್ಲ. ನೋಡಿ ಬೇಕಾದ್ರೆ."

ಮುದುಕ ಒಂದು ಹಲಗೆ ಎತ್ತಿಕೊಂಡ. ನೆಲಕ್ಕೆ ಹಾಸಿದ್ದ ಮರ. ಇಷ್ಟು ವರ್ಷ ಮಣ್ಣಿಗೆ ಅಂಟಿಕೊಂಡಿದ್ದರೂ ಗೆದ್ದಲು ಯಾಕೆ ಮುಟ್ಟಿಲ್ಲ? ಮೂಗಿನ ಹತ್ತಿರ ತಂದ. ಗಂಟಲ ಹಿಂದೆ ಹೋಗಿ ಕೂರುವ ಕಹಿ ವಾಸನೆ. ಅವನಿಗದು ಹೊಸದಲ್ಲ. ಮನೆ ಕಟ್ಟುವವರು ಚೌಕಟ್ಟು ನಿಲ್ಲಿಸುವ ಮೊದಲು ಬಳಿಸುತ್ತಿದ್ದ ಗೆದ್ದಲು ಔಷಧಿ. ಅದನ್ನು ಬಳಿದು ಕೈ ತೊಳೆಯದೆ ಊಟಕ್ಕೆ ಕೂತ ಜೊತೆಗಾರನೊಬ್ಬ ವಾಂತಿ ಮಾಡಿಕೊಂಡು ನೆಲಕ್ಕುರುಳಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗೋದಾಮಿನಲ್ಲಿ ಆ ಡಬ್ಬಗಳನ್ನೇ ಇಟ್ಟಿರಬೇಕು. ಸೋರಿದ್ದನ್ನೆಲ್ಲ ಮರ ಕುಡಿದಿದೆ.

ಹೇಳಲೆಂದು ಬಾಯಿ ತೆರೆದ ಕೂಡ. ಅಷ್ಟರಲ್ಲಿ ಅಳಿಯ, "ಕೊಡಿ ಮಾವ, ಬಿದ್ದುಗಿದ್ದೀತು. ನೀವು ಒಳಗೆ ಕೂತ್ಕೊಳ್ಳಿ. ಇದೆಲ್ಲ ಈಗ ನಿಮ್ಮ ಕೈಲಿ ಆಗಲ್ಲ" ಎಂದು ಮುದುಕನ ನಡುಗುವ ಕೈಯಿಂದ ಹಲಗೆ ತೆಗೆದುಕೊಂಡ.

'ಎಲ್ಲ ಬಲ್ಲವನು ತಾನೇ? ಮಾಡಲಿ. ನಾಲ್ಕು ಕೋಳಿ ಸತ್ತರೆ ಬುದ್ಧಿ ಬರುತ್ತೆ' ಎಂದುಕೊಂಡು ಮುದುಕ ಒಳಗೆ ಹೋದ. ಕೋಳಿಯ ಲೆಕ್ಕ ಮಾತ್ರ ಹಾಕಿದ್ದ. ಆ ಉರಿಯಲ್ಲಿ ಮೊಟ್ಟೆ ಅವನ ತಲೆಗೇ ಹೊಳೆಯಲಿಲ್ಲ.

ಗೂಡು ಚೆನ್ನಾಗಿಯೇ ನಿಂತಿತು. ಕೋಳಿಗಳು ಬಂದವು. ಕತ್ತು ಕೊಂಕಿಸಿ ನಡೆಯುವ ಒಂದಕ್ಕೆ ಮಗಳು 'ಮೇಡಮ್ಮು' ಎಂದು ಹೆಸರಿಟ್ಟಳು. ಮೊದಲ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಓಡಿಬಂದು, "ಮುಟ್ಟಿ ನೋಡಪ್ಪ, ಇನ್ನೂ ಬಿಸಿಯಿದೆ" ಎಂದಳು.

ಆಗ ಅವನಿಗೆ ಹೊಳೆಯಿತು: ಹಲಗೆಯ ವಿಷ ಕೋಳಿಗೆ, ಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮಗಳಿಗೆ.

ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಹೇಳದೆ ಇರುವುದು ಹೇಗೆ? ಬಾಯಲ್ಲಿ ಬಿಸಿತುಪ್ಪ. "ದಿನಾ ಮೊಟ್ಟೆ ಉಷ್ಣ ಕಣಮ್ಮ, ಸಾಕು" ಎಂದು ಒಮ್ಮೆ ಹೇಳಿ ನೋಡಿದ. ಅವಳು ನಕ್ಕುಬಿಟ್ಟಳು. "ನರ್ಸಮ್ಮನಿಗಿಂತ ನಿಂಗೇ ಜಾಸ್ತಿ ಗೊತ್ತಾ?" ಎಂದು ಅವನ ತಟ್ಟೆಗೂ ಬೇಯಿಸಿದ್ದೊಂದು ಹಾಕಿದಳು. ಅವನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಮೋರಿಗೆಸೆದ. ಅವಳ ತಟ್ಟೆಯದನ್ನು ಕಿತ್ತುಕೊಳ್ಳಲಿಲ್ಲ.

ಕೋಳಿಗಳು ಹಲಗೆಯನ್ನು ಕುಕ್ಕುತ್ತಿದ್ದವು. ಟಕ್ ಟಕ್ ಎಂದಾಗಲೆಲ್ಲ ಮುದುಕ ಕೂತಲ್ಲೇ ಬೆಚ್ಚುತ್ತಿದ್ದ. ಮಳೆಗಾಲ ಶುರುವಾಗಿ ಮರ ನೆಂದ ಮೇಲೆ ಮೊದಲ ಕೋಳಿ ಕಾಲು ಸೆಟೆಸಿಕೊಂಡು ಸತ್ತಿತು. ಕೋಳಿ ಮಾರಿದವನು "ರೋಗ" ಎಂದ. ಅಳಿಯ ನೀರಿಗೆ ಔಷಧಿ ಬೆರೆಸಿದ. ಆಮೇಲೆ ಮೇಡಮ್ಮು ಹೋಯಿತು.

ಒಂದು ಮಧ್ಯಾಹ್ನ ಹೊಲಿಗೆ ಮಿಷನ್ನು ನಡುವೆಯೇ ನಿಂತಿತು. ಮಗಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಆಸ್ಪತ್ರೆಯಿಂದ ಮರಳಿದಾಗ ಅವಳ ಒಡಲು ಬರಿದಾಗಿತ್ತು. ಸತ್ತ ಕೋಳಿಗಳ ವಿಷಯ ಅಳಿಯನೇ ಎತ್ತಿದಾಗ ಡಾಕ್ಟರು, "ಅದರಿಂದಲೇ ಅಂತ ಹೇಳಕ್ಕಾಗಲ್ಲ. ಅಲ್ಲ ಅಂತಲೂ ಹೇಳಕ್ಕಾಗಲ್ಲ" ಎಂದಿದ್ದರು.

ಮಾರನೆಯ ದಿನ ಅಳಿಯ ಗೂಡು ಕೀಳತೊಡಗಿದ. ಮೊಳೆ ಎಳೆಯುವ ಸದ್ದು ಕೇಳಲಾರದೆ ಮುದುಕ ಹಿತ್ತಿಲಿಗೆ ಬಂದ.

"ನಂಗೆ ಗೊತ್ತಿತ್ತು ಕಣಪ್ಪ" ಎಂದ. "ನೀನು ತಂದ ದಿನವೇ. ಅದು ಗೆದ್ದಲು ಔಷಧಿ ಕುಡಿದ ಮರ."

ಹೊಡೆಯುತ್ತಾನೆ ಅಂದುಕೊಂಡಿದ್ದ. ಹೊಡೆದಿದ್ದರೆ ಒಳ್ಳೆಯದಿತ್ತು. ಅಳಿಯ ಸುತ್ತಿಗೆ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತ.

"ಗೋದಾಮಿನವನೂ ಹೇಳಿದ್ದ ಮಾವ, ಇದನ್ನ ಒಲೆಗೆ ಹಾಕ್ಬೇಡ ಅಂತ. ನಂಗೂ ವಾಸನೆ ಬಂದಿತ್ತು. ಅದಕ್ಕೇ 'ನೋಡಿ ಬೇಕಾದ್ರೆ' ಅಂತ ನಿಮ್ಮ ಕೈಗೆ ಬರೋ ಹಾಗೆ ಮಾಡಿದ್ದು. ನೀವು ಮೂಸಿ ನೋಡಿದ್ರಿ, ಏನೂ ಅನ್ನಲಿಲ್ಲ. ಇಷ್ಟು ವರ್ಷ ಮರ ನೋಡಿದೋರೇ ಸುಮ್ಮನಿದ್ದಾರಲ್ಲ, ಏನೂ ಇರಲ್ಲ ಅಂದ್ಕೊಂಡೆ. ಬಾಯಿಬಿಟ್ಟು ಕೇಳೋಕೆ ಹೆದರಿಕೆ. ಬೇಡ ಅಂದ್ರೆ ಹಲಗೆಗೆ ದುಡ್ಡು ಎಲ್ಲಿತ್ತು?"

ಮುದುಕನಿಗೆ ಈಗ ತಿಳಿಯಿತು. ತಾನು ಕಾದು ಕೂತಿದ್ದ ಆ 'ಏನಂತೀರಿ ಮಾವ?' ಎಂಬುದನ್ನು ಇವನು ಬಾಯಿಬಿಡದೆ ಕೇಳಿಯೇ ಇದ್ದ. ತನಗೆ ಕೇಳಿಸಿರಲಿಲ್ಲ.

"ಏನು ಗೊತ್ತಿತ್ತು?"

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಯಾವಾಗ ಎದ್ದು ಬಂದಳೋ, ಎಷ್ಟು ಕೇಳಿದಳೋ.

ಮುದುಕ ಅಳಿಯನತ್ತ ನೋಡಿದ. ಅಳಿಯ ನೆಲ ನೋಡಿದ.

"ಹಲಗೆಯಲ್ಲಿ ವಿಷ ಇದೆ ಅಂತ ನಂಗೆ ಗೊತ್ತಿತ್ತಮ್ಮ" ಎಂದ ಮುದುಕ. "ಇವನಿಗೆ ಗೊತ್ತಿರಲಿಲ್ಲ."

ಇಲ್ಲ, ನನಗೂ ಗೊತ್ತಿತ್ತು ಎಂದು ಅಳಿಯ ಅನ್ನುತ್ತಾನೇನೋ ಎಂದು ಒಂದು ಗಳಿಗೆ ಕಾದ. ಅಳಿಯ ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಬಾಯಿ ಹೇಗೆ ಮುಚ್ಚಿಕೊಳ್ಳುತ್ತದೆಂದು ಮುದುಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಗಳು ಚೌಕಟ್ಟು ಬಿಟ್ಟು ಒಳಗೆ ಹೋದಳು. ಗಂಡಸರಿಬ್ಬರೂ ಹಿತ್ತಿಲ ಮೂಲೆಯಲ್ಲಿ ಆಳದ ಗುಂಡಿ ತೋಡಿ ಹಲಗೆಗಳನ್ನೆಲ್ಲ ಹೂತರು.

ಅಂದಿನಿಂದ ಅವಳು ಅವನನ್ನು ಅಪ್ಪ ಎಂದು ಕರೆದಿಲ್ಲ. ಅವನ ಊಟದ ತಟ್ಟೆ ಗಂಡನ ಕೈಯಲ್ಲಿ ಬರುತ್ತದೆ. ಅಳಿಯ ಅನ್ನ ಒಂದು ತುತ್ತು ಹೆಚ್ಚೇ ಬಡಿಸಿಕೊಂಡು ತಂದಿರುತ್ತಾನೆ. ತಲೆಯೆತ್ತದೆ ಮುಂದಿಟ್ಟು, "ತಿನ್ನಿ ಮಾವ" ಅನ್ನುತ್ತಾನೆ.